ಊರು ಗೆಲ್ಲುತ್ತಿದ್ದ ಕಂಡಕ್ಟರ್

ಕುಣಿಗಲ್ಲಿನಿಂದ ಅಮೃತೂರಿಗೆ ಹೋಗುವ ನಮ್ಮ ಪ್ರೈವೇಟ್ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಇದ್ದ. ಟಿಕೆಟ್ ಹರಿದು ಕೈಗಿಟ್ಟ ಮೇಲೆ ಒಂದು ಒಗಟು ಹೇಳುತ್ತಿದ್ದ. ಬಿಡಿಸಲಾಗದವರು ಹಳೇ ಪದ್ಧತಿಯಂತೆ ಅವನಿಗೆ ಬಾಯಿಮಾತಿನಲ್ಲಿ ಒಂದು ಊರು ಕೊಡಬೇಕು. "ಊರು ಕೊಡಜ್ಜಿ, ಉತ್ತರ ತಗೊ" ಅನ್ನುವುದೇ ನನ್ನ ಹತ್ತಿರ ಅವನ ಮಂತ್ರ. ನನ್ನ ತವರು ಕಡಬವೂ ಹಾಗೇ ಅವನ ಪಾಲಾಗಿತ್ತು. ತಾನು ಮಾತ್ರ ಯಾರಿಗೂ ಒಂದೂರನ್ನೂ ಕೊಟ್ಟಿಲ್ಲವೆಂದು ಮೆರೆಯುತ್ತಿದ್ದ.

ಒಂದು ದಿನ ತಡೆಯಲಾರದೆ ನಾನೇ ಕೇಳಿದೆ: "ಹೊಟ್ಟೇಲಿರೋದು ಒಂದೇ ಕಾಳು, ಕೂಗು ಮಾತ್ರ ಊರಿಗೆಲ್ಲ ಕೇಳ್ತದೆ. ಏನ್ಲಾ ಅದು?"

ಯೋಚನೆ ಬಂದರೆ ಸೀಟಿ ಕಚ್ಚುವುದು ಅವನ ಅಭ್ಯಾಸ. ಕಚ್ಚಿಕೊಂಡೇ ಮೂರು ಸ್ಟಾಪು ಯೋಚಿಸಿದ.

"ಹುಂಜಾನಾ?"

"ಅಲ್ಲ."

"ಸೋತೆ ಬುಡಜ್ಜಿ. ಕಡಬ ವಾಪಸ್ ತಗೊ."

"ಅದು ಮೊದ್ಲಿಂದ್ಲೂ ನಂದೇ. ನಿನ್ನೂರು ಕೊಡು."

ಬಸ್ಸೆಲ್ಲ ನೋಡುತ್ತಿತ್ತು. ಬೇರೆ ದಾರಿಯಿಲ್ಲದೆ ಹುಟ್ಟಿದೂರು ಅಮೃತೂರನ್ನೇ ಕೊಟ್ಟ.

"ನಿನ್ನ ಹಲ್ಲಲ್ಲಿರೋ ಸೀಟಿ ಕಣೋ," ಅಂದೆ.

ಅಂದಿನಿಂದ ಊದುವ ಮೊದಲು ಆ ಸೀಟಿಯನ್ನು ಒಮ್ಮೆ ದುರುಗುಟ್ಟಿ ನೋಡುತ್ತಿದ್ದ. ಬಸ್ಸು ಅಮೃತೂರು ಸೇರಿದರೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದ: "ಅಜ್ಜಿ ಊರು ಬಂತು! ಅಜ್ಜೀನ ಒಂದ್ಮಾತು ಕೇಳಿ ಇಳೀರಪ್ಪ!"