ಪೆನ್‌ಡ್ರೈವ್ ಪಂಡಿತರ ಲ್ಯಾಪ್‌ಟಾಪ್ ಬೇಟೆ

ಬಸ್ ಡಿಪೋದ ಟೈಮ್‌ಕೀಪರನಿಗೆ ಅವನ ನಾದಿನಿ ಇಟ್ಟ ಹೆಸರು ಪೆನ್‌ಡ್ರೈವ್ ಪಂಡಿತ. ಕುತ್ತಿಗೆಯಲ್ಲಿ ಗುರುತಿನ ಚೀಟಿಯ ಜೊತೆ ಸದಾ ಒಂದು ಪೆನ್‌ಡ್ರೈವ್ ನೇತಾಡುತ್ತಿತ್ತು, ಅದರೊಳಗೆ ಲಿನಕ್ಸ್ ಎಂಬ, ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶ. ಮದುವೆ ಮನೆಯಾಗಲಿ, ಸಾವಿನ ಮನೆಯಾಗಲಿ, ಯಾರಾದರೂ ಕಂಪ್ಯೂಟರ್ ಎಂದರೆ ಸಾಕು, ಪಂಡಿತರ ಪ್ರವಚನ ಶುರು. ಇಷ್ಟು ಕೊರೆಯುವವನ ಹತ್ತಿರ ಸ್ವಂತದ್ದೊಂದು ಲ್ಯಾಪ್‌ಟಾಪ್ ಇರಲಿಲ್ಲ. ಅವನಿಗೆ ತಕ್ಕದ್ದು ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲವಂತೆ.

ಹೀಗಿರುವಾಗ ಹೆಂಡತಿಗೆ ಕೆಲಸ ಸಿಕ್ಕಿತು. ಕಿವಿ ಕೇಳದ ಮಕ್ಕಳ ಶಾಲೆಗೆ ಪಾಠದ ವಿಡಿಯೋಗಳ ಕೆಳಗೆ ಮಾತುಗಳನ್ನು ಬರೆದು ಕೂರಿಸುವುದು, ಮನೆಯಲ್ಲೇ ಕೂತು. ಒಲೆ, ಬಟ್ಟೆ, ಅತ್ತೆಯ ಮಾತ್ರೆಗಳಾಚೆ ತನ್ನದು ಎನ್ನುವ ಕೆಲಸ ಅವಳಿಗೆ ಇದೇ ಮೊದಲು. ಷರತ್ತು ಒಂದೇ: ತಿಂಗಳೊಳಗೆ ಲಿನಕ್ಸ್ ಓಡುವ ಲ್ಯಾಪ್‌ಟಾಪ್ ಬೇಕು, ಶಾಲೆಯ ತಂತ್ರಾಂಶ ಅದರಲ್ಲಷ್ಟೇ ನಡೆಯುತ್ತಿತ್ತು. ಗಂಡನ ವಿದ್ಯೆ ಕೊನೆಗಾದರೂ ಉಪಯೋಗಕ್ಕೆ ಬಂತಲ್ಲ ಎಂದು ಅವಳು ಹಿಗ್ಗಿದಳು.

ಬಂತು, ಮಣ್ಣು. ಪಂಡಿತ ಡ್ಯೂಟಿ ಮುಗಿಸಿ ದಿನಾ ಅಂಗಡಿ ಸುತ್ತತೊಡಗಿದ. ಶೋಕೇಸಿನಲ್ಲಿಟ್ಟ ಯಂತ್ರಗಳಿಗೆಲ್ಲ ಪೆನ್‌ಡ್ರೈವ್ ಚುಚ್ಚಿ, ಕೀಲಿಗಳನ್ನು ಕುಟ್ಟಿ, ತಲೆ ಅಲ್ಲಾಡಿಸಿ ಬರಿಗೈಯಲ್ಲಿ ವಾಪಸಾಗುತ್ತಿದ್ದ.

"ಒಂದರಲ್ಲಿ ವೈಫೈ ಚಿಪ್ ಸರಿಯಿಲ್ಲ," ಎಂದ. "ಇನ್ನೊಂದು, ಮುಚ್ಚಳ ಮುಚ್ಚಿದ್ರೆ ಮಲಗುತ್ತೆ, ತೆರೆದ್ರೆ ಏಳಲ್ಲ."

"ನಿಮ್ಮ ಹಾಗೇ," ಎಂದಳು. "ಯಾವುದೋ ಒಂದು ತನ್ನಿ. ತಿಂಗಳು ಮುಗೀತಾ ಬಂತು."

"ಯಾವುದೋ ಒಂದು ತರೋಕೆ ಅದೇನು ಬದನೆಕಾಯಾ? ನಿಂಗೆ ಅರ್ಥ ಆಗಲ್ಲ ಬಿಡು."

ಕುಣಿಯಲಾರದವಳಿಗೆ ನೆಲ ಡೊಂಕು. ಇವನಿಗೆ ಚಿಪ್ ಡೊಂಕು, ಬ್ಯಾಟರಿ ಡೊಂಕು, ಕೊನೆಗೆ ಕೀಲಿಮಣೆಯ ಬಣ್ಣವೂ ಡೊಂಕು. ಶಾಲೆಯ ಮೇಡಂ ಫೋನ್ ಮಾಡಿ ಮತ್ತೊಂದು ವಾರ ಕೊಟ್ಟರು. ಅದೂ ಕರಗಿತು. ಕೊನೆಗೆ ಹೆಂಡತಿ ಡಿಪೋದ ಎದುರಿನ ಲ್ಯಾಪ್‌ಟಾಪ್ ಅಂಗಡಿಗೆ ತಾನೇ ಹೋದಳು.

ಟೈಮ್‌ಕೀಪರನ ಹೆಂಡತಿ ಎಂದು ಗೊತ್ತಾದ ಕೂಡಲೇ ಅಂಗಡಿಯವನು ಹಣೆ ಚಚ್ಚಿಕೊಂಡು ಒಂದು ಲ್ಯಾಪ್‌ಟಾಪ್ ಮುಂದಿಟ್ಟ. "ಇದನ್ನ ತಗೊಂಡು ಹೋಗಿ ತಾಯಿ. ಮೊದಲನೇ ದಿನವೇ ಅವರೇ ಲಿನಕ್ಸ್ ಹಾಕಿ ನೋಡಿದ್ರು. ವೈಫೈ, ಸೌಂಡು ಎಲ್ಲಾ ಸರಿಯಾಗಿದೆ ಅಂದ್ರು. ಹಾಗಾದ್ರೆ ಕೊಡಲಾ ಅಂದ್ರೆ, ಬೇರೆ ನೋಡ್ಕೊಂಡು ಬರ್ತೀನಿ ಅಂತ ಹೋದವರು ಇನ್ನೂ ನೋಡ್ತಾನೇ ಇದ್ದಾರೆ."

ಮನೆಯಲ್ಲಿ ಗಂಡ ಈ ಯಂತ್ರದ ಸುದ್ದಿಯನ್ನೇ ಎತ್ತಿರಲಿಲ್ಲ. ಸಿಕ್ಕಿಬಿಟ್ಟರೆ ಹುಡುಕಾಟ ಮುಗಿಯುತ್ತದೆ, ಹುಡುಕಾಟ ಮುಗಿದರೆ ಪಂಡಿತರನ್ನು ಕೇಳುವವರು ಯಾರು? ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದಳು.

"ಅಯ್ಯೋ, ನಿನ್ನೆ ತಾನೇ ಬೇರೆಯವರಿಗೆ ಕೊಟ್ಟುಬಿಟ್ವಮ್ಮ," ಎಂದರು ಮೇಡಂ. "ಎಷ್ಟು ದಿನ ಕಾಯೋದು ಹೇಳಿ."

ಆದರೂ ಅವಳು ಯಂತ್ರವನ್ನು ಬಿಟ್ಟು ಬರಲಿಲ್ಲ. ಮನೆಯಲ್ಲಿ ಅದನ್ನು ಕಂಡು ಗಂಡನ ಹುಬ್ಬು ಮೇಲೇರಿತು.

"ಯಾರನ್ನ ಕೇಳಿ ತಂದೆ?"

"ಮೊದಲನೇ ದಿನ ಇದನ್ನ ಪಾಸ್ ಮಾಡಿದವರನ್ನ ಕೇಳಿ," ಎಂದಳು. "ಕೆಲಸ ಹೋಯ್ತು. ನಿನ್ನೆ."

ಅವನು ಕತ್ತಿನ ಪೆನ್‌ಡ್ರೈವ್ ದಾರವನ್ನು ಬೆರಳಿಗೆ ಸುತ್ತಿಕೊಂಡ. ತಪ್ಪಾಯಿತು ಎನ್ನುತ್ತಾನೇನೋ ಎಂದು ಅವಳು ಕಾದಳು.

"ಹಾಗಾದ್ರೆ ಅರ್ಜೆಂಟ್ ಏನಿಲ್ಲ," ಎಂದ. "ಇದನ್ನ ವಾಪಸ್ ಕೊಟ್ಟುಬಿಡೋಣ. ಮುಂದಿನ ತಿಂಗಳು ಇನ್ನೂ ಒಳ್ಳೇದು ಬರ್ತಾ ಇದೆ."