ಬಾಕು ಎತ್ತಿ ನಿಂತಾಂವ

ನಮ್ಮಪ್ಪಗ ಬೆನ್ನು ತುಳಿಸ್ಕೊಳ್ಳೋದಂದ್ರ ಭಾಳ ಹಿಗ್ಗು. ಬಂದರದಾಗ ಹಮಾಲಿ ಮಾಡಿ, ಮಧ್ಯಾಹ್ನ ಬಂದು ಉಂಡು, ನೆಲದ ಮ್ಯಾಲ ಬೋರಲ ಬೀಳತಿದ್ದ. "ಬಾರವಾ, ತುಳಿ" ಅಂತಿದ್ದ. ನಾ ಕಿಡಕಿ ಸರಳು ಹಿಡ್ಕೊಂಡು ಬೆನ್ನಿನ ಮ್ಯಾಲ ಹತ್ತಿ ನಿಲ್ಲತಿದ್ದೆ. ತುಳಿಯೋದಕ್ಕ ಕೂಲಿ ಅಂದ್ರ ಕತಿ. ನಾ ಹೆಜ್ಜಿ ಇಟ್ಟಂಗ ಅಪ್ಪನ ಮಾತು ಅಲುಗಾಡಿಕೋತ ಬರತಿದ್ದವು.

ಕತಿಗೆ ಒಂದು ಕರಾರು ಇತ್ತು. ಕೇಳಾವ್ರು ಹೂಂ ಅನ್ನಬೇಕು. "ನೀ ಹೂಂ ಅಂದ್ರ ಒಪ್ಪಿದಂಗ. ನೀ ಒಪ್ಪದ ಕತಿ ನಾ ಹೆಂಗ ಮುಂದ ಹೊಡೀಲಿ?" ಅಂತಿದ್ದ ಅಪ್ಪ. ನಾ ಸುಮ್ಮನಾದ್ರ ಕತಿನೂ ಸುಮ್ಮನ ಆಗತಿತ್ತು. ಒಂದ್ಸಲ ಕತಿಯೊಳಗಿನ ಕುದರಿ ಸತ್ತಾಗ ನಾ ಬೆನ್ನಿನ ಮ್ಯಾಲ ನಿಂತs "ಉಹೂಂ, ಉಹೂಂ" ಅಂತ ಕುಣದಬಿಟ್ಟೆ. ಅಪ್ಪ "ಅಯ್ಯಯ್ಯ, ಸಾಯ್ತೇನಿ, ತಡೀ" ಅಂದು ಕುದರಿನ್ನ ಎಬ್ಬಿಸಿ ಕೂಡಿಸಿದ. ಸತ್ತಿರಲಿಲ್ಲಂತ, ಬರೇ ಮಲಗಿತ್ತಂತ. ಅಷ್ಟು ಅಧಿಕಾರ ನನಗ ಆಮೇಲೆ ಜನ್ಮದಾಗ ಯಾರೂ ಕೊಟ್ಟಿಲ್ಲ.

ಕತಿ ಒಬ್ಬ ಬಾಕಿನಾಂವಂದು. ವಿಜಾಪುರದ ಬಾದಶಹಾನ ಕಾಲದಾಗ ಒಂದು ಗುಪ್ತ ಪಂಗಡ ಇತ್ತಂತ, ಹೆಸರು ಬಿಟ್ಟ ಮಂದಿ ಅಂತ. ಬಾಕು ಹಿಡದು, ಹೇಳಿದವರನ್ನ ಕೊಂದು, ನೆರಳಿನ್ಯಾಗ ಕರಗಿ ಹೋಗೋದು ಅವರ ಕೆಲಸ. ಪಂಗಡಕ್ಕ ಸೇರಬೇಕಾದ್ರ ಕ್ವಾಟಿಯೊಳಗಿನ ಬಾವಿಗೆ ಬಗ್ಗಿ ತನ್ನ ಹೆಸರು ತಾನs ಕೂಗಿ ಬರಬೇಕು. ಹೆಸರು ಬಾವಿಯೊಳಗ ಉಳೀತೈತಿ, ಮನಷ್ಯಾ ಹೊರಗ ಬರತಾನ. ಕಡೀ ಹುಕುಂ ಮುಗಿಸಿದಾಂವಗ ಬಿಡುಗಡಿ. ಊರಿಗೆ ಹೋಗಿ ಬಾವಿಗೆ ಬಗ್ಗಿದ್ರ ಹೆಸರು ತಾನಾಗೇ ಮ್ಯಾಲ ಬರತೈತಿ.

ನಮ್ಮ ಬಾಕಿನಾಂವನ್ನ ಗೋವಾಕ್ಕ ಕಳಿಸಿದ್ರು. ನಾವಿದ್ದ ಈ ಗೋವಾದಾಗ ಆವಾಗ ಫಿರಂಗಿಯವರ ರಾಜ್ಯ. ಯಾರಿಗೂ ಸಂಶೆ ಬರಬಾರದಂತ ಬಂದರದಾಗ ಹಮಾಲ ಆಗಿ ಸೇರಿದ. ಖರೇ ಹೇಳ್ತೇನಿ, ಅದೆಂಥಾ ಖೂನಿ ಮಾಡೋ ಮನಷ್ಯಾನೋ ಏನೋ, ವಾರಗಟ್ಟಲೆ ಒಬ್ಬರನ್ನೂ ಕೊಲ್ಲತಿರಲಿಲ್ಲ. ಮೂಟಿ ಹೊರತಿದ್ದ. ಹುಕುಂ ಬರೋ ದಾರಿ ನೋಡತಿದ್ದ. ಎಲ್ಲೆರೆ ಜ್ವಾಳದ ಹಿಟ್ಟು ಸಿಗತೈತೇನು ಅಂತ ಅಡ್ಡಾಡತಿದ್ದ. ಮೀನಿನ ವಾಸನಿಗೆ ಮೂಗು ಮುಚ್ಚತಿದ್ದ. "ಯಪ್ಪಾ, ಯಾವಾಗ ಕೊಲ್ಲತಾನೋ?" ಅಂತ ನಾ ಹಿಮ್ಮಡಿಯಿಂದ ಗುದ್ದಿದ್ರ, "ಅವಸರ ಮಾಡಬ್ಯಾಡ, ಮೊದಲ ಅಂವಾ ಉಣಬೇಕಲ್ಲ?" ಅಂತಿದ್ದ.

ನಾ ಸಣ್ಣಾಕಿ ಇದ್ದಾಗ ನಮ್ಮ ಮನಿ ಬಂದರದ ಹತ್ತರ, ಬಾಯ್ನಾ ಅನ್ನೋ ಓಣ್ಯಾಗ ಇತ್ತು. ಹಿಂದಿನ ಗೋಡಿಗೆ ಹತ್ತಿ ಸಮುದ್ರ. ಮಧ್ಯಾಹ್ನ ತಗಡಿನ ಮಾಡು ಕಾದು ಒಳಗೆಲ್ಲಾ ಮಬ್ಬು, ಮಲಗಿದ್ರ ನೆಲನೂ ತೆರಿ ಜೋಡಿ ತೂಗಿದಂಗ ಅನಸತಿತ್ತು. ದೂರದಾಗ ಹಡಗದ ಭೋಂಗಾ ಊದತಿತ್ತು. ಅಪ್ಪ ನಿದ್ದಿಗಣ್ಣಾಗ ಹೇಳತಿದ್ದ, ನಾ ನಿದ್ದಿಗಣ್ಣಾಗ ತುಳೀತಿದ್ದೆ. ಅಪ್ಪಗ ನಡುವ ಜೊಂಪು ಹತ್ತಿದ್ರ ಬಾಕಿನಾಂವಾ ಈ ಓಣ್ಯಾಗ ಇದ್ದಾಂವಾ ಒಮ್ಮೆಲೇ ಗೋಡಿ ಆ ಕಡೆ ಇರತಿದ್ದ. ಗೋಡಿ ಹೆಂಗ ದಾಟಿದ ಅಂತ ನಾ ಕೇಳಲಿಲ್ಲ. ಅಂವಾ ಹಂಗs, ಗೋಡಿ ದಾಟತಾನ ಅಂತ ನಂಬಿಬಿಟ್ಟೆ. ಎಷ್ಟೋ ಸಲ ಬೆನ್ನಿನಿಂದ ಇಳದು ಹೊರಗ ಬಂದ್ರ, ಉಸುಕಿನ ಮ್ಯಾಲ ಮೀನಿನ ಬಲಿ ಒಣ ಹಾಕೋ ಮಂದಿಯೊಳಗ ಯಾರೋ ಒಬ್ಬಾಂವಾ ಮಾರಿ ಮುಚ್ಕೊಂಡು ನಿಂತಂಗ ಕಾಣತಿತ್ತು. ಹೆದರಿಕಿ ಆಗತಿರಲಿಲ್ಲ. ನಮ್ಮ ಪೈಕಿ ಮನಷ್ಯಾ ಅನಸತಿತ್ತು.

ಬಂದರದಾಗ ನಮ್ಮಪ್ಪನ ಹೆಸರೂ ಯಾರಿಗೂ ಬೇಕಾಗಿರಲಿಲ್ಲ. ಘಟ್ಟದ ಮ್ಯಾಲಿಂದ ಬಂದಾವ್ರಿಗೆಲ್ಲಾ ಇಲ್ಲಿ ಒಂದs ಹೆಸರು, ಘಾಟಿ. "ಏ ಘಾಟಿ, ಹೇ ಘೇ" ಅಂತ, ಇದನ್ನ ತಗೋ ಅಂತ ಕರದ್ರ ಅಪ್ಪ ಓಡತಿದ್ದ. ನನಗ ಮೈಯೆಲ್ಲಾ ಉರೀತಿತ್ತು. ಅಪ್ಪ ಮಾತ್ರ ನಗತಿದ್ದ. "ನನ್ನ ಹೆಸರು ಊರಾಗ ಐತೆವಾ, ಜ್ವಾಕಿ ಐತಿ. ಈ ದೀಪಾವಳಿ ಆಗಲಿ, ಹೋಗಿ ಬಿಡೂಣು." ಎಷ್ಟು ದೀಪಾವಳಿ ಆದವೋ ಆ ಶಿವಗs ಗೊತ್ತು.

ಕತಿಯೊಳಗ ಕಡೀ ಹುಕುಂ ಬಂತು. ಕೊಲ್ಲಬೇಕಾದದ್ದು ಫಿರಂಗಿಯವರನ್ನಲ್ಲ. ಬಾಕು ಹಿಡಿಯೋದು ಕಲಿಸಿದ ತನ್ನ ಉಸ್ತಾದನ್ನ. ಪಂಗಡದ ಪದ್ಧತಿನs ಹಂಗಂತ, ಗುರುನ್ನ ತಗದಾಂವಗs ಬಿಡುಗಡಿ. ಉಸ್ತಾದನೂ ಗೋವಾದಾಗs ಇದ್ದ, ಮುದುಕ ಆಗಿ, ಮಾಂಡವಿ ಹೊಳಿ ದಂಡಿಗೆ ಗುಡಸಲಾ ಹಾಕ್ಕೊಂಡು. ಬೆಳಿಗ್ಗೆ ಹೊಳಿ ಮ್ಯಾಲಿಂದ ಮಂಜು ಎದ್ದು ಗುಡಸಲಿ ಒಳಗ ಬರಾಕತ್ತಿತ್ತು. ಬಾಕಿನಾಂವಾ ಮಂಜಿನ ಜೋಡೀನs ಒಳಗ ಬಂದ. ಉಸ್ತಾದ ಬೆನ್ನು ಮಾಡಿ ಕುಂತಿದ್ದ. ಬಾಕು ಎತ್ತಿದ. ಅಷ್ಟರಾಗ ಒಂದು ವಾಸನಿ ಬಂತು. ಉಸ್ತಾದ ಜ್ವಾಳದ ರೊಟ್ಟಿ ತಟ್ಟಾಕತ್ತಿದ್ದ.

"ಹೂಂ" ಅಂದೆ ನಾ. ಅಪ್ಪ ಮುಂದ ಹೇಳಲಿಲ್ಲ. "ಇವತ್ತಿಗೆ ಸಾಕು, ಇಳಿ" ಅಂದ.

ಆ ನಂತರದ ದಿನಗಳೊಳಗ ನಮ್ಮ ಮನಿ ಹೋತು. ಸರ್ಕಾರದವರು ಬಾಯ್ನಾದ ಎಷ್ಟೋ ಮನಿ ಕೆಡವಿದ್ರು, ಅದರಾಗ ನಮ್ಮದೊಂದು. ಅವ್ವ ರೊಟ್ಟಿ ಹಂಚು ಎದಿಗೆ ಅವಚ್ಕೊಂಡು ರಸ್ತೇಕ ನಿಂತದ್ದು ಇನ್ನೂ ಕಣ್ಣ ಮುಂದ ಐತಿ. ಗೋವಾದಾಗs ಇನ್ನೊಂದು ಕಡೆ, ಫೋಂಡಾಕ್ಕ ಬಂದ್ವಿ. ಅಪ್ಪ ಕಟ್ಟಡದ ಕೆಲಸಕ್ಕ ಹತ್ತಿದ, ಆಮೇಲೆ ವಾಚಮನ್ ಆದ. ನಾ ದೊಡ್ಡಾಕಿ ಆದೆ, ಬೆನ್ನು ತುಳಿಯೋ ವಯಸ್ಸು ದಾಟಿತು. ಕತಿ ಅಲ್ಲೇ ನಿಂತುಬಿಟ್ತು.

ಅಂದ್ರ ಆ ಮನಷ್ಯಾ ಇಪ್ಪತ್ತು ವರ್ಷದ ಮ್ಯಾಲ ಬಾಕು ಎತ್ತಿಕೊಂಡು ನಿಂತಾನ! ನಗಬ್ಯಾಡ್ರಿ. ನಾ ಹೊಲಿಗಿ ಕಲಿಯಾಕ ಕುಂತಾಗ, ಮಷೀನಿನ ಸಪ್ಪಳದಾಗ ಕಣ್ಣು ಎಳದ್ರ, ಅಂವಾ ನಿಂತಿರತಿದ್ದ. ನನ್ನ ಮದುವಿ ಮಂಟಪದಾಗ ಅಕ್ಕಿಕಾಳು ಬೀಳೋವಾಗ, ಪಾಪ ಅಂವನ ಕೈ ನೋಯತಿರಬೇಕು ಅಂತ ನೆನಪಾತು. ಈಗ ಬಜಾರದಾಗ ನನ್ನದs ಬ್ಲೌಸ್ ಹೊಲಿಯೋ ಅಂಗಡಿ ಐತಿ. ಮಳಿಗಾಲದ ಮಧ್ಯಾಹ್ನ ಗಿರಾಕಿ ಇರಂಗಿಲ್ಲ, ರಸ್ತೆಲ್ಲಾ ಬೆಳ್ಳಗ ಮಸಕು ಆಗಿರತೈತಿ. ಆವಾಗ ಎದುರಿನ ಬಸ್ ಸ್ಟ್ಯಾಂಡಿನ್ಯಾಗ ಸಾಂಖಳಿಗೆ ಹೋಗೋ ಬಸ್ಸಿನ ಹಿಂದ ಎಷ್ಟೋ ಸಲ ಅಂವನ್ನ ಕಂಡೇನಿ. ಅಪ್ಪಗ ಕೇಳಿದ್ರ, "ಅಂವಾ ಇನ್ನಾ ವಿಚಾರ ಮಾಡಾಕತ್ತಾನ" ಅಂತಿದ್ದ. ನನಗ ಸಿಟ್ಟು ನೆತ್ತಿಗೇರತಿತ್ತು. ಇಷ್ಟು ವರ್ಷ ವಿಚಾರ ಮಾಡಾಕ ಅಂವನೇನು ಸರ್ಕಾರ ನಡಸ್ತಾನೇನು?

ಹೋದ ವರ್ಷ ಅಪ್ಪಗ ಲಕ್ವಾ ಹೊಡೀತು. ಬಲಗೈ, ಬಲಗಾಲು, ಬಾಯಿ, ಮೂರೂ ಹೋದವು. ಎಲ್ಲಾ ತಿಳೀತೈತಿ, ಮಾತಾಡಿಸ್ರಿ ಅಂದ್ರು ಡಾಕ್ಟರು. ಕೈಕಾಲಿಗೆ ವ್ಯಾಯಾಮ ಮಾಡಿಸಾಕ ಬರೋ ಹೆಣ್ಣುಮಗಳು ಕೊಂಕಣಿಯೊಳಗ "ಮಾಮಾ, ಉಲಯ್, ಉಲಯ್" ಅಂತ, ಮಾತಾಡು ಅಂತ ಗದರಸತಿದ್ಲು. ಅಪ್ಪ ಉಲೀಲಿಲ್ಲ. ನೀರು ಬೇಕೇನು, ಚಾ ಬೇಕೇನು, ಏನು ಕೇಳಿದ್ರೂ ಕಣ್ಣು ಮುಚ್ಚಿ ಗೋಡಿಗೆ ಮಾರಿ ಮಾಡತಿದ್ದ.

ಊರಿಂದ ಕಾಕಾ ಫೋನ್ ಮಾಡಿದ. "ಅಣ್ಣನ್ನ ಇಲ್ಲೇ ಕರ್ಕೊಂಡು ಬರ್ರಿ. ಜೀವನಪೂರ್ತಿ ಊರು ಊರು ಅಂದಾಂವಾ. ನಮ್ಮ ಗಾಳಿ ಬಡದ್ರ ಎದ್ದು ಕೂಡತಾನ." ಅವ್ವ ಒಪ್ಪಿದ್ಲು. ನಾನೂ ಒಪ್ಪಿದೆ. ನಾ ಅಂಗಡಿ ಬಿಟ್ಟು ಹೋಗಾಕ ಆಗಂಗಿಲ್ಲ, ಅವರಿಬ್ಬರs ಹೋಗೋದು ಅಂತ ಠರಾವು ಆತು. "ಊರಿಗೆ ಹೋಗೂಣೇನು?" ಅಂತ ಅವ್ವ ಕೇಳಿದ್ರ ಅಪ್ಪ ಎಂದಿನಂಗ ಕಣ್ಣು ಮುಚ್ಚಿದ. ಅವ್ವ ಅದನ್ನ ಹೌದು ಅಂತ ತಿಳ್ಕೊಂಡ್ಲು. ನನಗ ಮಾತ್ರ ಒಳಗೊಳಗ ಚುಚ್ಚತಿತ್ತು. ಯಾಕಂದ್ರ ಅಪ್ಪ ಊರಿಗೆ ಮದುವಿ ಮುಂಜಿಗೆ ಹೋದಾಗೆಲ್ಲಾ, ನೀರು ಹಿಡಸಂಗಿಲ್ಲ ಅಂತ ಲಗೂನ ಹೊಳ್ಳಿ ಬರತಿದ್ದ. ಈಗ ಅಲ್ಲಿ ಬಿಟ್ಟು ಬಂದ ಮ್ಯಾಲ, ನನ್ನನ್ನ ಹೊಳ್ಳಿ ಕರ್ಕೊಂಡು ಹೋಗ್ರಿ ಅನ್ನಾಕ ಅಪ್ಪಗ ಬಾಯಿ ಇಲ್ಲ. ಊಟಕ್ಕ ಕುಂತ್ರೂ ಅದs ವಿಚಾರ.

ಒಂದಿನ ಸತ್ತ ಕೈಗೆ ಎಣ್ಣಿ ತಿಕ್ಕಿಕೋತ, ಏನು ಮಾತಾಡಬೇಕು ತಿಳೀದs, ಬಾಕಿನಾಂವನ ಕತಿ ಸುರು ಮಾಡಿದೆ. ಬಾವಿ ಹೇಳಿದೆ, ಕುದರಿ ಹೇಳಿದೆ. ಹೂಂ ಇಲ್ಲ. ಹೂಂ ಇಲ್ಲದ ಕತಿ ಹೇಳೋದು ಉಪ್ಪಿಲ್ಲದ ಅಡಗಿ ಉಂಡಂಗ. ಬ್ಯಾಸತ್ತು ಬಾಯಿಗೆ ಬಂದದ್ದು ಹೇಳಿಕೋತ ಹೊಂಟೆ. "ಅಂವಗ ಹಸಿವಿ ತಡಿಯಾಕ ಆಗಲಿಲ್ಲ. ಖಾನಾವಳಿಗೆ ಹೋಗಿ ಮೀನಿನ ಸಾರು ಉಂಡ."

"ಉಹೂಂ!"

ಗೋಡಿ ಕಡೆಯಿಂದ ಬಂತು. ಸಿಟ್ಟಿನಿಂದ ಬಂತು. ಅವ್ವ ಹಿಟ್ಟಿನ ಕೈಲೇ ಓಡಿ ಬಂದ್ಲು. ನಾ ಅಳಾಕತ್ತಿದ್ದೆ, ನಗಾಕತ್ತಿದ್ದೆ. "ಇಲ್ಲೋ ಯಪ್ಪಾ, ಉಣಲಿಲ್ಲ, ಮೂಗು ಮುಚ್ಕೊಂಡು ಹೊಳ್ಳಿ ಬಂದ" ಅಂದೆ. "ಹೂಂ" ಅಂದ ಅಪ್ಪ, ಈಗ ಸರಿ ಆತು ಅನ್ನೋವರಂಗ.

ಅಲ್ಲಿಂದ ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಕತಿ. ಈಗ ನಾ ಹೇಳಾಕಿ, ಅಪ್ಪ ಹೂಂಗುಟ್ಟಾಂವ. ಬ್ಯಾರೆ ಮಾತಿಗೆ ಉತ್ತರ ಇಲ್ಲ, ಕತಿಗೆ ಮಾತ್ರ ಹೂಂ. ಒಮ್ಮೊಮ್ಮೆ ನನಗs ಜೊಂಪು ಹತ್ತಿ ಬಾಕಿನಾಂವಾ ಗೋಡಿ ದಾಟಿ ಹೋಗತಿದ್ದ. ಅಪ್ಪ ಅದಕ್ಕೂ ಹೂಂ ಅಂತಿದ್ದ.

ಊರಿಗೆ ಹೋಗೋ ಹಿಂದಿನ ದಿನ ಕತಿ ಹೊಳಿ ದಂಡಿಗೆ ಬಂತು. ಮಗ್ಗಲದಾಗ ಅವ್ವ ಟ್ರಂಕಿಗೆ ಭಾಂಡೆ ತುಂಬಾಕತ್ತಿದ್ಲು. ಮಂಜು, ಗುಡಸಲಾ, ಎತ್ತಿದ ಬಾಕು, ರೊಟ್ಟಿ ವಾಸನಿ. ಇಲ್ಲಿಂದ ಮುಂದ ನನ್ನದs ಜವಾಬ್ದಾರಿ. ಅಪ್ಪಗ ಖುಷಿ ಆಗಲಿ, ಧೈರ್ಯ ಬರಲಿ ಅಂತ, "ಬಾಕು ಹೊಡದ. ಹುಕುಂ ಮುಗೀತು. ಕುದರಿ ಹತ್ತಿ ಊರಿಗೆ ಹೋದ. ಬಾವಿಗೆ ಬಗ್ಗಿದ ಕೂಡಲೇ ಹೆಸರು ಮ್ಯಾಲ ಬಂತು" ಅಂದೆ.

"ಉಹೂಂ."

ಕೊಂದದ್ದು ಮನಸ್ಸಿಗೆ ಬರಲಿಲ್ಲೇನೋ ಅಂತ ತಿದ್ದಿದೆ. "ಕೊಲ್ಲಲಿಲ್ಲ. ಬಾಕು ಹೊಳಿಗೆ ಒಗದ. ಯಾರಿಗೂ ಹೇಳದs ಊರಿಗೆ ಓಡಿ ಹೋದ."

"ಉಹೂಂ." ಈ ಸಲ ಎಡಗೈಲೆ ಹಾಸಿಗಿ ಬಡದ.

ಅವ್ವನ ಕೈಯಾಗಿನ ಭಾಂಡೆ ಅಲ್ಲೇ ನಿಂತವು. "ಏನು ಬೇಕಂತ ಆ ಮನಷ್ಯಾಗ?" ಅಂದ್ಲು.

ಅಷ್ಟರಾಗ ಅಡಗಿಮನಿಯಿಂದ ರೊಟ್ಟಿ ಹೊತ್ತಿದ ವಾಸನಿ ಬಂತು. ಅವ್ವ ದಾರಿಗೆ ಅಂತ ಬುತ್ತಿ ಮಾಡಾಕ ಹತ್ತಿ, ಹಂಚಿನ ಮ್ಯಾಲಿಂದು ಮರತಿದ್ಲು. ಅಕಿ ಎದ್ದು ಹೋಗಿ ತಗದು ಬಂದ್ಲು. ನಾ ಹಗೂರಕ ಸುರು ಮಾಡಿದೆ.

"ಉಸ್ತಾದ ಹೊಳ್ಳಿ ನೋಡಲಿಲ್ಲ. 'ಬಂದೀ? ಹಂಚಿನ ಮ್ಯಾಲಿಂದು ಹೊತ್ತಾಕತ್ತೈತಿ, ಹೊಳ್ಳಿ ಹಾಕು' ಅಂದ."

"ಹೂಂ."

"ಬಾಕಿನಾಂವಾ ಬಗ್ಗಿ, ಬಾಕಿನ ತುದೀಲೆ ರೊಟ್ಟಿ ಹೊಳ್ಳಿ ಹಾಕಿದ."

"ಹೂಂ."

"ಇಬ್ಬರೂ ಕೂಡಿ ಉಂಡ್ರು. 'ಊರಿಗೆ ಹೋಗಂಗಿಲ್ಲೇನು? ಹೆಸರು ಬ್ಯಾಡೇನು?' ಅಂತ ಉಸ್ತಾದ ಕೇಳಿದ." ನಾ ಅಪ್ಪನ ಕೈ ಹಿಡಕೊಂಡೆ. "ಅಂವಾ ಹೋಗಲಿಲ್ಲ. ಹೆಸರು ಬಾವಿಯೊಳಗs ಇರಲಿ ಅಂದ. ಇಲ್ಲೇ ಉಳದ."

ಅಪ್ಪ ನನ್ನ ಕಡೆ ಹೊಳ್ಳಿ ನೋಡಿದ. "ಹೂಂ" ಅಂದ.

ಅವ್ವ ಹಾಸಿಗಿ ಹತ್ತರ ಬಂದು ಕುಂತ್ಲು. "ನೀನೂ?" ಅಂದ್ಲು. "ಊರಿಗೆ ಒಲ್ಲೇನು?"

ಕಣ್ಣು ಮುಚ್ಚಲಿಲ್ಲ. ಗೋಡಿಗೆ ಮಾರಿ ಮಾಡಲಿಲ್ಲ. ಅವ್ವನ್ನ ನೋಡಿಕೋತ "ಹೂಂ" ಅಂದ. ಕತಿ ಅಲ್ಲದ ಮಾತಿಗೆ ಅಪ್ಪ ಕೊಟ್ಟ ಮೊದಲನೇ ಉತ್ತರ ಅದು.

"ಎಲಾ ಇವನ!" ಅಂದ್ಲು ಅವ್ವ. "ಜನ್ಮೆಲ್ಲಾ ಊರು ಊರು ಅಂತ ನನ್ನ ತಲಿ ತಿಂದಿ. ನೀ ಕರ್ಕೊಂಡು ಹೋಗತಿ ಅಂತ ಇಲ್ಲಿ ಒಂದು ಚಲೋ ಕಪಾಟು ಸುದ್ದಾ ಮಾಡಿಸ್ಲಿಲ್ಲ ನಾ. ಈಗ ಹೂಂ ಅಂತಾನ, ಹೂಂ!" ಬೈಕೋತ ಬೈಕೋತ ಅಳಾಕತ್ತಿದ್ಲು. ಅಳಕೋತs ಟ್ರಂಕಿನ ಮುಚ್ಚಳಾ ತಗದು ಹಂಚು ಹುಡುಕಿದ್ಲು. ಹಂಚು ಒಲಿ ಮ್ಯಾಲನs ಇತ್ತು, ಅದು ನೆನಪಾಗಿ ಮತ್ತ ಬೈದ್ಲು. ನಾ ಕಾಕಾಗ ಫೋನ್ ಮಾಡಿ ಬರಂಗಿಲ್ಲ ಅಂತ ಹೇಳಿದೆ. ಅಂವಾ ಬೈದದ್ದು ಇಲ್ಲಿ ಬರಿಯೋಹಂಗ ಇಲ್ಲ.

ಹೊಳ್ಳಿ ಬಂದು ಕೈಗೆ ಎಣ್ಣಿ ಹಚ್ಚಿದೆ. ಕತಿ ಮುಗೀತು ಅಂತ ನಾ ತಿಳ್ಕೊಂಡಿದ್ದೆ. ಅಪ್ಪ ದಾರಿ ನೋಡಿದ, ನೋಡಿದ, ಕಡೀಕ ತಡೀಲಾರದ ತಾನs "ಹೂಂ?" ಅಂದ.

"ಮುಂದ ಏನಪ್ಪಾ," ಅಂದೆ ನಾ, "ಮರದಿನ ಬೆಳಿಗ್ಗೆ ಎದ್ದ. ಕೈ ಭಾಳ ನೋಯತಿತ್ತು. ಹಿಟ್ಟು ಬೀಸಿಕೊಂಡು ಬರಾಕ ಹೋದ."