ಹಲ್ಲು ಬಂದ ಕೂಸು

ಮಾನ್ವಿಯ ಶೇಷಗಿರಿರಾಯರು ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ಓದಿ, ರಾಯಚೂರಿನ ಒಂದು ಶಿಕ್ಷಕರ ತರಬೇತಿ ಶಾಲೆಯಲ್ಲಿ ನಫ್ಸಿಯಾತ್ ಹೇಳುವ ಮಾಸ್ತರರಾದರು. ನಫ್ಸಿಯಾತ್ ಎಂದರೆ ಮನಸ್ಸಿನ ಶಾಸ್ತ್ರ. ಅಪ್ಪ ಗುಡಿಯ ಅರ್ಚಕರಾಗಿದ್ದವರು. ಮಗ ದಿನಾ ಮುಂಜಾನೆ ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು ಹೋಗಿ, ಮನುಷ್ಯನೂ ಮಂಗನೂ ಒಂದೇ ಬೇರಿನ ಕವಲುಗಳು ಎಂದು ಪಾಠ ಮಾಡುತ್ತಿದ್ದರು.

"ಸಾಬ್, ನಮ್ಮ ಮುತ್ತಾತ ಮಂಗ್ಯಾ ಇದ್ದ ಅಂದ್ರ ಯೋಚನಿ ಮಾಡಬೇಕಾಗತದ. ನಮ್ಮ ಮಾವನ ಬಗ್ಗಿ ಅಂದ್ರ ಈಗ್ಲೇ ಒಪ್ಪತೀನಿ," ಎಂದು ಜಿಲಾನಿ ಪಾಷಾ ಎಂಬ ವಿದ್ಯಾರ್ಥಿ ತರಗತಿಯನ್ನೆಲ್ಲ ನಗಿಸಿದ್ದ.

ರಾಯರೂ ನಕ್ಕರು. ಆಮೇಲೆ ಅವರಿಗೆ ಪ್ರೀತಿಯಾದ ಮಾತಿಗೆ ಬಂದರು. "ಮೊದಲಿನ ಪಂಡಿತರು ಮನಸ್ಸು ಯಾತರದ್ದು ಅಂತ ಕೇಳತಿದ್ರು. ಜೀವಗಳು ಒಂದರಿಂದ ಒಂದು ಬೆಳಕೊಂತ ಬಂದಾವ ಅಂತ ವಿಲಾಯತಿಯೊಳಗ ಒಬ್ಬಾತ ತೋರಿಸಿದ ಮ್ಯಾಲೆ ಪ್ರಶ್ನಾನೇ ಬದಲಾತು. ಮನಸ್ಸು ಯಾತಕ್ಕದ? ಅಂಜಿಕಿ ಯಾತಕ್ಕ, ಸಿಟ್ಟು ಯಾತಕ್ಕ, ತಾಯಿಗೆ ಕೂಸಿನ ಮ್ಯಾಲೆ ಜೀವ ಯಾತಕ್ಕ? ಬದುಕಲಿಕ್ಕೆ ಉಪಯೋಗ ಬಿದ್ದದ್ದು ಉಳಕೊಂಡದ. ಕೂಸು, ನಾಯಿ, ಕೋಳಿ, ಎಲ್ಲಾದರೊಳಗೂ ಮನಸ್ಸಿನ ಬೇರು ಹುಡುಕಲಿಕ್ಕೆ ಶುರು ಮಾಡಿದ್ದು ಅಲ್ಲಿಂದ."

ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ಅವರ ಮನೆಯಲ್ಲೇ ಕೂಸು ಹುಟ್ಟಿತು. ಹೆಣ್ಣು. ರಾಯರು ತೊಟ್ಟಿಲ ಪಕ್ಕ ಕುಳಿತು ನೋಡಿದ್ದೇ ನೋಡಿದ್ದು. ಬೆರಳು ಕೊಟ್ಟರೆ ಕೂಸು ಬಿಗಿಯಾಗಿ ಹಿಡಿಯುತ್ತಿತ್ತು. ತಾಯಿಯ ಮೈಗೆ ಅಂಟಿಕೊಂಡು ಕೊಂಬೆಯಿಂದ ಕೊಂಬೆಗೆ ಹೋಗುತ್ತಿದ್ದ ಹಿರಿಯರ ಹಿಡಿತ ಇದು ಎಂದು ಹೆಂಡತಿ ಕಾವೇರಿಬಾಯಿಗೆ ವಿವರಿಸಿದರು. ಅಳುವಾಗ ಹುಬ್ಬು ಹೇಗೆ ಏರುತ್ತದೆ, ಸಪ್ಪಳಕ್ಕೆ ಹೇಗೆ ಬೆಚ್ಚುತ್ತದೆ, ಎಲ್ಲ ಆ ವಿಲಾಯತಿಯವನ ಪುಸ್ತಕದೊಡನೆ ತಾಳೆ ಹಾಕಿ ನೋಡಿದರು.

"ಪುಸ್ತಕ ಬರದಾತಗ ಮಕ್ಕಳಿದ್ವೇನು?" ಎಂದು ಕಾವೇರಿಬಾಯಿ ಕೇಳಿದಳು.

"ಇದ್ವು. ತನ್ನ ಕೂಸಿನ ನಗು, ಅಳು ನೋಡೇ ಬರದಾನ."

"ನೋಡೋದರಾಗ ಎತ್ತಿಕೊಳ್ಳೋದು ಮರತಿದ್ನೋ ಏನೋ, ನಿಮ್ಮಂಗ," ಎಂದು ಅವಳು ಕೂಸನ್ನು ಅವರ ತೊಡೆಯ ಮೇಲೆ ಹಾಕಿ ಒಳಗೆ ಹೋದಳು.

ಕೂಸು ಬೋರಲು ಬಿದ್ದು ಅಂಬೆಗಾಲಿಡುವ ಹೊತ್ತಿಗೆ, ಮಾನ್ವಿಯಲ್ಲಿ ರಾಯರ ತಾಯಿಯ ಮನೆಗೆ ಹೋಗಿದ್ದಾಗ, ಅದಕ್ಕೆ ಜ್ವರ ಬಂತು. ಜ್ವರ ಇಳಿಯಲಿಲ್ಲ. ಒಂದು ಮುಂಜಾನೆ ಕೂಸು ತಾಯಿಯ ಮಡಿಲಲ್ಲೇ ತಣ್ಣಗಾಯಿತು.

ಹಲ್ಲು ಹುಟ್ಟದ ಕೂಸು ಹೋದರೆ ಹೂಳಿಬಂದು ಎಲ್ಲರೂ ಸ್ನಾನ ಮಾಡಿದರೆ ಮುಗಿಯಿತು, ಸೂತಕವಿಲ್ಲ. ಹಲ್ಲು ಬಂದಿದ್ದರೆ ಮನೆ ಸೂತಕ ಹಿಡಿಯಬೇಕು. ಇದು ಅವರ ಮನೆತನದ ನಡೆ. ರಾಯರ ತಾಯಿ ಸತ್ಯಭಾಮಾಬಾಯಿ ಹಂಡೆಗೆ ನೀರು ತುಂಬಿಸಲು ಹೇಳಿದಾಗ ಕಾವೇರಿಬಾಯಿ ಮಡಿಲು ಬಿಗಿ ಹಿಡಿದಳು.

"ಹಲ್ಲು ಬಂದದ ಅತ್ತಿ. ಸೂತಕ ಹಿಡೀರಿ."

"ಎಲ್ಲಿ ಹಲ್ಲು ತಂಗಿ? ಮೊನ್ನಿ ತನಕ ಬೆಣ್ಣಿ ನೆಕ್ಕಿಸೀನಿ. ಒಸಡು ಹೂವಿನಂಗ ಮೆತ್ತಗಿತ್ತು. ಹುಚ್ಚಿಯಂಗ ಮಾಡಬ್ಯಾಡ, ಕೊಡು."

ಅವಳು ಗಂಡನ ಕಡೆ ನೋಡಿದಳು. "ನೀವರೆ ಬಾಯಿ ತೆರೆದು ನೋಡ್ರಿ. ನನ್ನ ಕಚ್ಚೇದ ಅದು."

ರಾಯರು ನೋಡಲಿಲ್ಲ. ಒಂದು ಹಲ್ಲಿನಿಂದ ಏನಾಗಬೇಕು, ಸತ್ತ ಕೂಸಿನ ತುಟಿ ಬಿಡಿಸಿ ನೋಡುವುದು ಹೇಗೆ ಎಂದುಕೊಂಡರು. ಅವಳ ಕೈ ಬಿಡಿಸಿ ಕೂಸನ್ನು ತೆಗೆದುಕೊಂಡು ಹೊರಗೆ ನಡೆದರು. ಹೂಳಿ ಬಂದು ಎಲ್ಲರೊಡನೆ ಸ್ನಾನ ಮಾಡಿದರು. ಕಾವೇರಿಬಾಯಿಯ ತಲೆಯ ಮೇಲೆ ಅತ್ತೆಯೇ ನೀರು ಸುರಿದಳು.

ರಾಯಚೂರಿಗೆ ಬಂದ ಮೇಲೂ ಅವಳ ಎದೆಯ ಹಾಲು ನಿಲ್ಲಲಿಲ್ಲ. ಕುಪ್ಪಸ ತೊಯ್ಯುತ್ತಿತ್ತು. ಬರಿದಾದ ತೊಟ್ಟಿಲನ್ನು ಕಾಲಿನಿಂದ ತೂಗುತ್ತ ಅಕ್ಕಿ ಆರಿಸುತ್ತಿದ್ದಳು. ರಾಯರಿಗೆ ತಾವು ತರಗತಿಯಲ್ಲಿ ಹೇಳುತ್ತಿದ್ದ ಕೋಳಿಮರಿಗಳ ಪಾಠ ನೆನಪಾಯಿತು. ಹುಟ್ಟಿದ ಮರಿಗೆ ಕೆಲವು ದಿನ ತಾಯಿಯ ಕೂಗು ಕೇಳಿಸದಂತೆ ಮಾಡಿದರೆ, ಆಮೇಲೆ ಕೂಗು ಕೇಳಿದರೂ ಅದು ಓಡಿಬರುವುದಿಲ್ಲ. ಬಳಕೆಗೆ ಬಾರದ ಸಹಜ ಪ್ರವೃತ್ತಿ ತಾನಾಗಿ ಆರಿಹೋಗುತ್ತದೆ. ತಾಯಿಯ ಪ್ರವೃತ್ತಿಯೂ ಹಾಗೆಯೇ ಆರಬೇಕು. ಹಿರಿಯರು ಒಂದು ಸ್ನಾನಕ್ಕೆ ಮುಗಿಸಿದ್ದರಲ್ಲೂ ಇದೇ ತಿಳಿವಳಿಕೆ ಇದ್ದೀತು ಎಂದು ಅವರಿಗೆ ಸಮಾಧಾನವೂ ಆಯಿತು. ಮನಸ್ಸಿನ ಶಾಸ್ತ್ರ, ಹಿರಿಯರ ಶಾಸ್ತ್ರ ಎರಡೂ ಒಂದೇ ಮಾತು ಹೇಳಿದ ಮೇಲೆ ಅನುಮಾನವೆಲ್ಲಿ?

ಅವಳು ನೀರಿಗೆ ಹೋದಾಗ ತೊಟ್ಟಿಲು ಬಿಚ್ಚಿ ಓಣಿಯ ಬಸುರಿ ಖತೀಜಾ ಬೀಗೆ ಕೊಟ್ಟರು. ಕುಲಾವಿ, ದುಪಟಿ, ಗಿಲಕಿ, ಕೌದಿ, ಎಲ್ಲ ಕೊಟ್ಟರು. ಕೂಸಿನ ಮಾತು ಮನೆಯಲ್ಲಿ ಎತ್ತಲಿಲ್ಲ.

ಕಾವೇರಿಬಾಯಿ ಕೊಡ ಇಳಿಸಿ, ತೊಲೆಯಲ್ಲಿ ಉಳಿದ ಬರಿಯ ಕೊಂಡಿ ನೋಡಿದಳು. ಕೆಲವೇ ದಿನಗಳಲ್ಲಿ ಹಾಲು ನಿಂತಿತು, ಅದರ ಜೊತೆಗೆ ಮಾತೂ ನಿಂತಿತು. ಅವಳ ತಮ್ಮ ನರಸಿಂಹ ನೋಡಲು ಬಂದವನು ಅಕ್ಕನ ಮುಖ ಕಂಡು, ದೇವದುರ್ಗದ ಆಚೆ, ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿಗೆ, ತವರಿಗೆ, ಕರೆದುಕೊಂಡು ಹೋದ.

ರಾಯರು ಪಾಠ ಹೇಳುತ್ತ ಹೋದರು. ಒಂದು ದಿನ ಕೋಳಿಮರಿಯ ಪಾಠ ಮುಗಿದ ಮೇಲೆ ಜಿಲಾನಿ ಪಾಷಾ ಎದ್ದು ನಿಂತ. ಈ ಸಲ ಅವನ ಮುಖದಲ್ಲಿ ನಗೆಯಿರಲಿಲ್ಲ.

"ಸಾಬ್, ಮರಿ ಮರತದ್ದು ತಿಳೀತು. ತಾಯಿಕೋಳಿ ಏನಾತು?"

ರಾಯರು ಕಿಟಕಿಯ ಕಡೆ ನೋಡಿದರು. "ಅದನ್ನ ಯಾರೂ ಬರದಿಲ್ಲಪಾ," ಎಂದರು. ಆ ವಾರವೇ ರಜೆ ಹಾಕಿ ಗೂಗಲ್ಲಿಗೆ ಹೊರಟರು.

ಅಲ್ಲಮಪ್ರಭುವಿನ ಗುಡಿಯ ಹಿಂದೆ, ಹೊಳೆಯ ಮೆಟ್ಟಿಲ ಮೇಲೆ ಕಾವೇರಿಬಾಯಿ ಕುಳಿತಿದ್ದಳು. ಎದುರಿನ ಹುಣಸೆಮರದಲ್ಲಿ ಒಂದು ಹೆಣ್ಣು ಮಂಗ ಸತ್ತ ಮರಿಯನ್ನು ಅವುಚಿಕೊಂಡಿತ್ತು. ಮರಿ ಒಣಗಿ ತೊಗಲಾಗಿತ್ತು. ಮಂಗ ಅದರ ಮೈಮೇಲಿನ ನೊಣ ಓಡಿಸುತ್ತಿತ್ತು.

ರಾಯರು ಎರಡು ಮೆಟ್ಟಿಲು ಕೆಳಗೆ ಕುಳಿತರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಿಟ್ಟುಹೋಗಿ, ಬಾಯಿಗೆ ಪಾಠವೇ ಬಂತು.

"ನೋಡು, ನಮ್ಮ ದುಃಖಕ್ಕೂ ಅದರ ದುಃಖಕ್ಕೂ ಬೇರು ಒಂದೇ."

"ಅದರ ಕೈಯಾಗಿಂದ ಯಾರೂ ಕಸಗೊಂಡಿಲ್ಲ," ಎಂದಳು ಕಾವೇರಿಬಾಯಿ. "ಸಾಕಾದಾಗ ತಾನೇ ಇಡತದ."

ಹೊಳೆಯಲ್ಲಿ ಹರಿಗೋಲೊಂದು ದಾಟಿ ಹೋಯಿತು. ಅವಳು ಕೇಳಿದ್ದು ಒಂದೇ ಒಂದು ಎಂಬುದು ಆಗ ಅವರಿಗೆ ಹೊಳೆಯಿತು. ತನ್ನ ಕೂಸು ಹಲ್ಲು ಬಂದ ಕೂಸು, ಅತ್ತು ಕಳಿಸಬೇಕಾದ ಜೀವ ಎಂದು ಗಂಡ ಒಪ್ಪಬೇಕು. ಅಷ್ಟೇ ಅಲ್ಲವೆ? ಅಷ್ಟನ್ನು ಕೊಡಬಾರದೆ?

"ಆಕಿಗಿ ಹಲ್ಲು ಬಂದಿತ್ತು. ಒಯ್ಯುವಾಗ ನಾನೂ ನೋಡಿದೆ," ಎಂದರು.

ಎಷ್ಟೋ ದಿನಗಳ ಮೇಲೆ ಅವಳು ಅವರ ಮುಖಕ್ಕೆ ಮುಖ ಕೊಟ್ಟಳು. ಕಣ್ಣಲ್ಲಿ ನೀರು ತುಂಬಿತು. "ನೋಡಿದ್ರಿ? ಖರೇನ ನೋಡಿದ್ರಿ? ಎಲ್ಲಿತ್ತು ಹೇಳ್ರಿ."

"ಕೆಳಗ. ಮುಂದಿಂದು," ಎಂದರು ರಾಯರು. ಕೂಸುಗಳಿಗೆ ಸಾಮಾನ್ಯವಾಗಿ ಮೊದಲು ಬರುವುದು ಅಲ್ಲಿಯೇ.

ಕಾವೇರಿಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಿಟ್ಟಿಲ್ಲದೆ ಹೇಳಿದಳು. "ಮ್ಯಾಲಿತ್ತು. ಮ್ಯಾಲಿನ ಹಲ್ಲು ಮೊದಲು ಬಂದ್ರ ಸೋದರಮಾವಗ ಕೇಡು ಅಂತಾರಲ್ಲ, ಅದಕ್ಕ ಯಾರಿಗೂ ಹೇಳಿದ್ದಿಲ್ಲ. ನಮ್ಮ ನರಸಿಂಹಗ ಏನರೆ ಆದೀತು ಅಂತ ಅಂಜಿದ್ದೆ. ಸತ್ತ ದಿನಾನೂ ಎಲ್ಲಿ ಅಂತ ಬಾಯಿ ಬಿಡಲಿಲ್ಲ. ಹೋದ ಕೂಸಿಗೆ ಕೆಟ್ಟ ಹೆಸರು ಯಾಕ? ನೀವೊಬ್ರು ನೋಡಿದ್ರ ಸಾಕಿತ್ತು."

ಅವಳು ಉಟ್ಟ ಸೀರೆಯಲ್ಲೇ ಹೊಳೆಗೆ ಇಳಿದು ಮುಳುಗೆದ್ದಳು. ತುರುಬು ಬಿಚ್ಚಿ ಮೆಟ್ಟಿಲೇರಿ ಬಂದಳು. "ಇವತ್ತಿನಿಂದ ಸೂತಕ ಹಿಡೀತೀನಿ."

"ನಾನೂ ಹಿಡೀತೀನಿ," ಎಂದರು ರಾಯರು.

"ನಿಮ್ಮ ಪಾಲಿಗೆ ಆಕಿಗಿನ್ನಾ ಹಲ್ಲು ಬಂದಿಲ್ರಿ," ಎಂದು ಅವಳು ಒದ್ದೆ ಸೀರೆಯಲ್ಲಿ ಮನೆಯ ಕಡೆ ನಡೆದಳು.

ಹಿತ್ತಿಲ ಕಟ್ಟೆಯ ಮೇಲೆ ಅವಳು ಒಬ್ಬಳೇ ಕುಳಿತಳು. ಅವಳ ಅವ್ವ ದೂರದಿಂದಲೇ ಒಂದು ಊಟದ ಎಲೆ ಇಟ್ಟು ಬಂದಳು. ಒಳಗೆ ನಡುಮನೆಯಲ್ಲಿ ರಾಯರಿಗೆ ಮಣೆ ಹಾಕಿದ್ದರು. ಸೂತಕವಿಲ್ಲದ ಅಳಿಯನೆಂದು ಬಿಸಿ ಅನ್ನ, ತೊವ್ವೆ ಬಡಿಸಿದರು. ಬಾಗಿಲಿನಿಂದ ಅವಳ ಬೆನ್ನು, ಬೆನ್ನ ಮೇಲೆ ಹರಡಿದ ಹಸಿ ಕೂದಲು ಕಾಣುತ್ತಿತ್ತು.

"ತುಪ್ಪ ಹಾಕಿಸ್ಕೋರಿ ಭಾವ," ಎಂದು ನರಸಿಂಹ ಗಿಂಡಿ ಹಿಡಿದು ಬಗ್ಗಿದ.

ಬೇಡವೆನ್ನಲು ರಾಯರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ನರಸಿಂಹ ಮುಂದಕ್ಕೆ ಹೋದ ಮೇಲೂ ಕೈ ಹಾಗೆಯೇ ಇತ್ತು, ಅದರ ಕೆಳಗೆ ಅನ್ನ ಆರುತ್ತಿತ್ತು.